ವಡುಗ ಬೇಡರೂ ನಂಬಿಯಣ್ಣನೂ: ತಿರುಮುರುಗನ್‌ಪೂಂಡಿಯ ಒಂದು ಹಾಡಿನ ಮರು ಓದು

ತಿರುಪ್ಪೂರಿನಿಂದ ಅವಿನಾಶಿಗೆ ಹೋಗುವ ದಾರಿಯಲ್ಲಿ ತಿರುಮುರುಗನ್‌ಪೂಂಡಿ ಎಂಬ ಊರು ಸಿಗುತ್ತದೆ. ಉಳಿ ಸುತ್ತಿಗೆಗಳ ಸದ್ದಿನಿಂದಲೇ ಅದನ್ನು ಗುರುತಿಸಬಹುದು. ಕಲ್ಲುಕೆತ್ತನೆಯ ಶಿಲ್ಪಿಗಳಿಗೆ ಹೆಸರಾದ ಊರು ಅದು. ನಮ್ಮ ಸಂಘದ ಸದಸ್ಯರಲ್ಲಿ ಬನಿಯನ್ ಕಾರ್ಖಾನೆಗಳ ಕೆಲಸಕ್ಕಾಗಿಯೋ ವ್ಯಾಪಾರಕ್ಕಾಗಿಯೋ ಈ ದಾರಿಯಲ್ಲಿ ಓಡಾಡದವರು ಕಡಿಮೆ. ಅವಿನಾಶಿಯ ತೇರಿಗೆ ಹೋಗಿಬರುವವರಂತೂ ಪೂಂಡಿಯ ಗುಡಿಗೂ ಒಮ್ಮೆ ಕೈಮುಗಿದು ಮುಂದೆ ಸಾಗುತ್ತಾರೆ. ಆದರೆ ಆ ಗುಡಿಯ ದೇವರ ಮೇಲೆ ಸುಮಾರು ಸಾವಿರದ ಇನ್ನೂರು ವರ್ಷಗಳ ಹಿಂದೆ ಹಾಡಲಾದ ಹಾಡಿನಲ್ಲಿ ಬಡಗಣ ಸೀಮೆಯವರನ್ನು ಕಳ್ಳರೆಂದು ಕರೆಯಲಾಗಿದೆ ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿರಲಾರದು.

ಆ ಹಾಡು ತೇವಾರದ್ದು. ಹಾಡಿದವನು ಸುಂದರಮೂರ್ತಿ ನಾಯನಾರ್. ಕನ್ನಡಿಗರಾದ ನಾವು ಅವನನ್ನು ನಂಬಿಯಣ್ಣನೆಂದು ಬಲ್ಲೆವು. ತಮಿಳು ಶೈವರ ತಿರುಮುರೈಗಳಲ್ಲಿ ಏಳನೆಯದು ಅವನದು. ಕೊಂಗುನಾಡಿನಲ್ಲಿ ತೇವಾರದ ಹಾಡು ಪಡೆದ ಏಳು ಸ್ಥಳಗಳಲ್ಲಿ ಅವಿನಾಶಿ, ತಿರುಮುರುಗನ್‌ಪೂಂಡಿ ಎರಡೂ ಇಂದಿನ ತಿರುಪ್ಪೂರು ಜಿಲ್ಲೆಯಲ್ಲಿವೆ. ಎರಡೂ ಸುಂದರನ ಹಾಡಿನಿಂದಲೇ ಪಾವನವಾದವು. ಇಲ್ಲಿನ ಶೈವರಿಗೆ ತೇವಾರವು ಕೇವಲ ಕಾವ್ಯವಾಗಿ ಉಳಿದಿಲ್ಲ. ಅದು ವೇದಕ್ಕೆ ಸಮನಾದ ಪವಿತ್ರ ಗ್ರಂಥ, ದೇವರ ಮುಂದೆ ಓದುವಾರರು ಇಂದಿಗೂ ಹಾಡುವ ಮಾತು. ಅಂತಹ ಗ್ರಂಥದಲ್ಲಿ ಒಂದು ಜನದ ಬಗ್ಗೆ ಕಹಿಯಾದ ಮಾತು ಬಂದರೆ ಭಕ್ತನಾದವನು ಅದನ್ನು ಹೇಗೆ ಓದಬೇಕು? ಆ ಜನದ ಮಕ್ಕಳು ಹೇಗೆ ಓದಬೇಕು? ಈ ಪ್ರಶ್ನೆಯನ್ನು ಹಿಡಿದು ಪೂಂಡಿಯ ಹಾಡನ್ನೂ ಅದಕ್ಕೆ ಹೊಂದಿದ ಇನ್ನೆರಡು ಕಥೆಗಳನ್ನೂ ಪರಿಶೀಲಿಸುವುದು ಈ ಬರಹದ ಉದ್ದೇಶ.

ಮೊದಲು ಹಾಡಿನ ಹೂರಣವನ್ನು ನೋಡೋಣ. ಬಾಗಿದ ಬಿಲ್ಲು ಹಿಡಿದ ವಡುಗ ಬೇಡರು ಇಲ್ಲಿದ್ದಾರೆ, ಅವರು ದಾರಿಹೋಕರನ್ನು ಬೆದರಿಸಿ, ಹೊಡೆದು, ಮೈಮೇಲಿನ ಬಟ್ಟೆಯನ್ನೂ ಕಿತ್ತುಕೊಳ್ಳುತ್ತಾರೆ ಎಂದು ಸುಂದರನು ಮೊದಲ ಪದ್ಯದಲ್ಲಿಯೇ ದೂರುತ್ತಾನೆ. ಮುಂದಿನ ಪದ್ಯಗಳಲ್ಲಿ ಕೊಲೆ ಸುಲಿಗೆಗಳ ಚಿತ್ರ ಇನ್ನೂ ಗಾಢವಾಗುತ್ತದೆ. ಇಂತಹ ಊರಿನಲ್ಲಿ ತಾವು ಏಕೆ ನೆಲೆಸಿದ್ದೀರಿ ಎಂದು ಅವನು ಪದ್ಯಪದ್ಯದ ಕೊನೆಯಲ್ಲಿಯೂ ಶಿವನನ್ನೇ ಪ್ರಶ್ನಿಸುತ್ತಾನೆ. ಸ್ನೇಹಿತನ ಮೇಲಿನ ಸಲಿಗೆ, ಹಾಸ್ಯ, ಸಿಟ್ಟು ಮೂರೂ ಆ ಪ್ರಶ್ನೆಯಲ್ಲಿ ಬೆರೆತಿವೆ. ಶಿವನನ್ನು ಗೆಳೆಯನೆಂದು ಕಂಡ ಸುಂದರನಲ್ಲದೆ ಇನ್ನಾರೂ ದೇವರನ್ನು ಹೀಗೆ ತರಾಟೆಗೆ ತೆಗೆದುಕೊಳ್ಳಲಾರರು.

ಇಲ್ಲಿ 'ವಡುಗ' ಎಂಬ ಪದವನ್ನು ತೂಗಿ ನೋಡಬೇಕಾಗಿದೆ. ತಮಿಳಿನ ವಡಕ್ಕು, ಕನ್ನಡದ ಬಡಗು ಒಂದೇ ಬೇರಿನವು. ಬಡಗು ದಿಕ್ಕಿನಿಂದ ಬಂದವರು ವಡುಗರು; ನೀಲಗಿರಿಯ ಬಡಗರ ಹೆಸರಿನಲ್ಲಿಯೂ ಇದೇ ಅರ್ಥವಿದೆ. ಸಂಗಂ ಕಾಲದ ಕವಿಗಳಿಗೆ ತಿರುಪತಿಯ ವೇಂಗಡ ಬೆಟ್ಟದಾಚೆ ಇದ್ದದ್ದು ಮಾತು ಬದಲಾಗುವ ನಾಡು. ಅಲ್ಲಿನ ವಡುಗರನ್ನು ಅವರು ಬೇಟೆನಾಯಿಗಳ ಜೊತೆಗೆ ಅಲೆಯುವವರು, ಅರ್ಥವಾಗದ ನುಡಿಯವರು ಎಂದು ಚಿತ್ರಿಸಿದ್ದಾರೆ. ಅಗನಾನೂರಿನ ಒಂದು ಪದ್ಯದಲ್ಲಿ ವಡುಗರ ಒಡೆಯನಾದ ಎರುಮೈ ಎಂಬವನ ನಾಡು ಬರುತ್ತದೆ. ಎರುಮೈ ಎಂದರೆ ಎಮ್ಮೆ, ಆದ್ದರಿಂದ ಅದು ಮಹಿಷಮಂಡಲ, ನಮ್ಮ ಮೈಸೂರಿನ ಸೀಮೆ ಎಂದು ಊಹಿಸಿದ ವಿದ್ವಾಂಸರಿದ್ದಾರೆ. ಮುಂದೆ ಈ ಪದವು ಹೆಚ್ಚಾಗಿ ತೆಲುಗರಿಗೆ ಸಂದಿತು. ಶಿಲಪ್ಪದಿಕಾರದಲ್ಲಿ ಕರುನಾಡರು ಬೇರೆಯಾಗಿಯೇ ಬರುತ್ತಾರೆ. ಆದುದರಿಂದ ಪೂಂಡಿಯ ಬೇಡರು ನಮ್ಮ ಪೂರ್ವಜರೇ ಎಂದು ನಾವು ಹಟ ಹಿಡಿಯುವುದಿಲ್ಲ. ಆದರೆ ವೇಂಗಡದ ಆಚೆಯವರು, ಘಟ್ಟದ ಮೇಲಿನವರು ಎಂಬ ಗುಂಪಿನಲ್ಲಿ ತೆಲುಗರ ಜೊತೆಗೆ ನಾವೂ ಸೇರಿದ್ದೆವೆಂಬುದು ಸ್ಪಷ್ಟ. ದೇವಾಂಗದವರು, ಒಕ್ಕಲಿಗರು, ಲಿಂಗಾಯತರು, ಕುರುಬರು ಎಂದು ಕೊಂಗುನಾಡಿನಲ್ಲಿ ತಲೆಮಾರುಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡವರೆಲ್ಲರೂ ಆ ಗುಂಪಿನ ವಾರಸುದಾರರು.

ಈ ಭಯಕ್ಕೆ ಕಾರಣವೇ ಇರಲಿಲ್ಲವೆಂದೂ ಹೇಳುವಂತಿಲ್ಲ. ನಾವು ಇಲ್ಲಿಗೆ ಮಗ್ಗ ಹೊತ್ತು, ನೇಗಿಲು ಹೊತ್ತು ಬಂದವರು ಹೌದು. ಕತ್ತಿ ಹಿಡಿದು ಬಂದವರೂ ಹೌದು. ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿ ತಲಕಾಡಿನ ಜೊತೆಗೆ ಕೊಂಗನ್ನೂ ಗೆದ್ದವನೆಂಬ ಹೆಮ್ಮೆ ಇದೆ. ಮುಂದೆ ಮೈಸೂರಿನ ಒಡೆಯರ ಕಾಲದಲ್ಲಿ ಕೊಯಮತ್ತೂರು ಮೈಸೂರಿಗೆ ಸೇರಿ, 1799ರಲ್ಲಿ ಶ್ರೀರಂಗಪಟ್ಟಣವು ಬೀಳುವವರೆಗೂ ಆ ಆಳ್ವಿಕೆಯಲ್ಲಿತ್ತು. ಗೆದ್ದವರ ಶಾಸನದಲ್ಲಿ ಬಿರುದಾಗುವುದು ಗೆಲ್ಲಲ್ಪಟ್ಟವರ ನೆನಪಿನಲ್ಲಿ ಗಾಯವಾಗಿ ಉಳಿಯುತ್ತದೆ. ಸುಂದರನ ಕಾಲ ಇವೆಲ್ಲಕ್ಕೂ ಹಿಂದಿನದಾದರೂ, ಬಡಗಣಿಂದ ಬರುವವನೆಂದರೆ ಬಿಲ್ಲು ಹಿಡಿದವನು ಎಂಬ ಭಾವನೆ ಅವನ ಬಾಯಿಗೆ ಹಿರಿಯರಿಂದ ಬಂದದ್ದು. ಹಾಡು ಪವಿತ್ರವಾಯಿತು, ಹಾಡಿನ ಜೊತೆಗೆ ಆ ಭಾವನೆಯೂ ಉಳಿಯಿತು. ಪೂರ್ವಗ್ರಹವು ಧರ್ಮಗ್ರಂಥಕ್ಕೆ ಸೇರುವ ಬಗೆ ಸಾಮಾನ್ಯವಾಗಿ ಇದೇ. ಅದನ್ನು ಯಾರೂ ಬೋಧನೆಯೆಂದು ಬರೆಯುವುದಿಲ್ಲ. ಕವಿಯ ಕಾಲದ ಗಾಳಿಯಂತೆ ಅದು ತಾನಾಗಿ ಒಳಗೆ ಬರುತ್ತದೆ.

ಸುಂದರನ ಹಾಡಿನಲ್ಲಿ ಕಥೆಯಿಲ್ಲ, ದೂರು ಮಾತ್ರವಿದೆ. ಕಥೆಯನ್ನು ಹೇಳಿದವನು ಅವನಿಗಿಂತ ಸುಮಾರು ನಾಲ್ಕು ಶತಮಾನ ಈಚಿನ ಸೇಕ್ಕಿಳಾರ್. 12ನೆಯ ಶತಮಾನದಲ್ಲಿ, ಚೋಳ ಇಮ್ಮಡಿ ಕುಲೋತ್ತುಂಗನ ಕಾಲದಲ್ಲಿ ರಚಿತವಾದ ಅವನ ಪೆರಿಯಪುರಾಣದ ಪ್ರಕಾರ, ಸುಂದರನು ಗೆಳೆಯನಾದ ಚೇರಮಾನ್ ಪೆರುಮಾಳನ ಕೊಡುಂಗಲ್ಲೂರಿನಿಂದ ಹೊನ್ನು ಮಣಿ ವಸ್ತ್ರಗಳ ಹೊರೆಯೊಂದಿಗೆ ಹಿಂದಿರುಗುತ್ತಿದ್ದ. ಪೂಂಡಿಯ ಹತ್ತಿರ ಬೇಡರ ಗುಂಪು ಹೊರೆಯಾಳುಗಳನ್ನು ಅಡ್ಡಗಟ್ಟಿ ಎಲ್ಲವನ್ನೂ ದೋಚಿತು. ಸುಂದರನು ಗುಡಿಗೆ ಬಂದು ಹಾಡಿದ. ಬೇಡರು ದೋಚಿದ್ದನ್ನೆಲ್ಲ ತಂದು ಗುಡಿಯ ಬಾಗಿಲಲ್ಲಿ ರಾಶಿ ಹಾಕಿದರು. ಸೇಕ್ಕಿಳಾರನ ತಿರುವು ಇಲ್ಲಿದೆ: ಆ ಬೇಡರು ಶಿವನ ಭೂತಗಣಗಳೇ. ತನ್ನ ಗೆಳೆಯನಿಗೆ ಕೊಡುವ ಕೈ ತನ್ನದೇ ಆಗಿರಬೇಕೆಂಬ ಪ್ರೀತಿಯ ಹಟದಿಂದ ಶಿವನೇ ಅವರನ್ನು ಕಳುಹಿಸಿದ್ದ.

ವಿಮರ್ಶಕನ ಕಣ್ಣಿಗೆ ಇದು ಸಣ್ಣ ಮಾತಲ್ಲ. ಮೂಲದ ಒಂದು ಅಕ್ಷರವನ್ನೂ ಸೇಕ್ಕಿಳಾರ್ ತಿದ್ದಲಿಲ್ಲ, ತೇವಾರವನ್ನು ತಿದ್ದುವ ಅಧಿಕಾರ ಅವನಿಗೆ ಇರಲೂ ಇಲ್ಲ. ಅವನು ಹಾಡಿನ ಸುತ್ತ ಒಂದು ಕಥೆಯನ್ನು ನಿಲ್ಲಿಸಿದ. ಅದರಿಂದ ಹಾಡಿನ ಅರ್ಥವೇ ತಿರುಗಿತು. ಕಳ್ಳರು ನೆಲೆಸಿದ ಊರಿನಲ್ಲಿ ನೀನೇಕಿರುವೆ ಎಂಬ ಪ್ರಶ್ನೆಗೆ, ನೀನು ಕಳ್ಳರೆಂದವರು ನನ್ನವರು ಎಂಬ ಉತ್ತರ ದೊರೆಯಿತು. ಭಕ್ತಿಯು ಗ್ರಂಥದ ಒಳಗಿನ ಕಹಿಯನ್ನು ಗ್ರಂಥವನ್ನು ಬಿಡದೆಯೇ ಕಳೆಯುವ ಒಂದು ದಾರಿ ಇದು. ಕನ್ನಡ ಓದುಗನಿಗೆ ಈ ದಾರಿ ಹೊಸದಲ್ಲ. ಪಂಪನ ವಿಕ್ರಮಾರ್ಜುನ ವಿಜಯದಲ್ಲಿಯೂ ಷಡಕ್ಷರಿಯ ಶಬರಶಂಕರ ವಿಳಾಸದಲ್ಲಿಯೂ ಅರ್ಜುನನೊಡನೆ ಸೆಣಸಿದ ಬೇಡನು ಶಿವನೇ ಆಗಿದ್ದನಲ್ಲವೆ?

ಆದರೂ ನಮ್ಮ ಮನಸ್ಸು ಇಲ್ಲಿಗೆ ಪೂರ್ತಿ ಸಮಾಧಾನಗೊಳ್ಳುವುದಿಲ್ಲ. ಬೇಡರು ಶಿವಗಣಗಳೆಂದಾಗ ಮನ್ನಣೆ ಸಂದದ್ದು ಗಣಗಳಿಗೆ. ಬೇಡರ ವೇಷ ವೇಷವಾಗಿಯೇ ಉಳಿಯಿತು. ದೋಚುವ ಕೆಲಸಕ್ಕೆ ಯಾವ ವೇಷ ಹಾಕಬೇಕೆಂದು ಬಂದಾಗ ಬೇಡನ ವೇಷವೇ ಏಕೆ ಹೊಳೆಯಬೇಕು? ನಿಜವಾದ ವಡುಗ ಬೇಡನೊಬ್ಬನು ಆ ಗುಡಿಯ ಮುಂದೆ ನಿಂತು ಈ ಕಥೆಯನ್ನು ಕೇಳಿದ್ದರೆ, ದೇವರು ನನ್ನ ರೂಪವನ್ನು ಎರವಲು ಪಡೆದ, ನನ್ನನ್ನು ಕರೆಯಲಿಲ್ಲ ಎಂದು ಕೊರಗಿರಬಹುದು. ಪ್ರೀತಿ ಇಲ್ಲಿ ಪೂರ್ವಗ್ರಹವನ್ನು ಮೃದುಗೊಳಿಸಿದೆ, ಗೆದ್ದಿಲ್ಲ.

ಗೆಲುವನ್ನು ನಾವು ಕಾಣುವುದು ಅದೇ ಪೆರಿಯಪುರಾಣದ ಇನ್ನೊಂದು ಬೇಡನ ಕಥೆಯಲ್ಲಿ. ಅದು ಕಣ್ಣಪ್ಪನದು. ಪೊತ್ತಪ್ಪಿ ನಾಡಿನ ಉಡುಪ್ಪೂರಿನ ಬೇಡರ ಒಡೆಯನ ಮಗ ತಿಣ್ಣ. ಆ ನಾಡನ್ನು ವಿದ್ವಾಂಸರು ಇಂದಿನ ಆಂಧ್ರದ ಕಡಪ ಸೀಮೆಯಲ್ಲಿ ಗುರುತಿಸುತ್ತಾರೆ. ಎಂದರೆ ವೇಂಗಡದಾಚೆಯ ನಾಡಿನವನು, ಬಡಗಣ ಬೇಡ! ಪೂಂಡಿಯ ಹಾಡಿನಲ್ಲಿ ಯಾವ ಸೀಮೆಯ ಹೆಸರು ಬೈಗುಳವಾಯಿತೋ ಅದೇ ಕಡೆಯಿಂದ ಬಂದವನು ಇವನು. ಕಾಳಹಸ್ತಿಯ ಬೆಟ್ಟದ ಮೇಲೆ ಒಂಟಿಯಾಗಿ ನಿಂತ ಲಿಂಗವನ್ನು ಕಂಡು ಅವನ ಮನಸ್ಸು ಕರಗಿತು. ಕೈಯಲ್ಲಿ ಬಿಲ್ಲಿದ್ದುದರಿಂದ ಬಾಯಲ್ಲಿ ನೀರು ತಂದ. ಮುಡಿಯಲ್ಲಿ ಹೂ ಸಿಕ್ಕಿಸಿಕೊಂಡು ಬಂದ. ಮಾಂಸವನ್ನು ತಾನೇ ಅಗಿದು ರುಚಿ ನೋಡಿ ಒಳ್ಳೆಯದನ್ನು ಆರಿಸಿ ಉಣಿಸಿದ. ಆಗಮದ ಪ್ರಕಾರ ಪೂಜಿಸುವ ಶಿವಗೋಚರಿಯಾರ್ ಎಂಬ ಅರ್ಚಕನು ಬೆಳಗ್ಗೆ ಬಂದು ಎಲುಬು ಮಾಂಸಗಳನ್ನು ಕಂಡು ನಡುಗಿ, ಗುಡಿಯನ್ನು ತೊಳೆದು ಶುದ್ಧಿ ಮಾಡುತ್ತಿದ್ದ. ದಿನವೂ ಒಬ್ಬನ ಪೂಜೆ ಇನ್ನೊಬ್ಬನಿಗೆ ಮೈಲಿಗೆ.

ಈ ಕಥೆಯನ್ನು ನಾವೆಲ್ಲರೂ ಬಲ್ಲೆವು. 1954ರಲ್ಲಿ ಎಚ್.ಎಲ್.ಎನ್. ಸಿಂಹರು ನಿರ್ದೇಶಿಸಿದ 'ಬೇಡರ ಕಣ್ಣಪ್ಪ'ದಲ್ಲಿ ನಾಯಕನಾಗಿಯೇ ರಾಜಕುಮಾರ್ ಕನ್ನಡ ಜನದ ಮನೆಮಗನಾದದ್ದು. ಕಣ್ಣನ್ನು ಕಿತ್ತಿಡುವ ದೃಶ್ಯದಲ್ಲಿ ಅಳದ ಅಜ್ಜಿಯರು ನಮ್ಮ ಮನೆಗಳಲ್ಲಿ ಇರಲಾರರು. ಆದರೆ ಅಳುವಿನ ಭರದಲ್ಲಿ ಒಂದು ವಿವರ ನಮ್ಮ ಕಣ್ಣು ತಪ್ಪಿಹೋಗುತ್ತದೆ. ಸೇಕ್ಕಿಳಾರನ ಕಥೆಯಲ್ಲಿ ಶಿವನು ಅರ್ಚಕನ ಕನಸಿನಲ್ಲಿ ಬಂದು, ಆ ಬೇಡನ ಮೈಯೆಲ್ಲ ನನ್ನ ಮೇಲಿನ ಪ್ರೀತಿಯೇ ಎಂದು ತಿಳಿಸಿ, ಮರುದಿನ ಮರೆಯಲ್ಲಿ ನಿಂತು ನೋಡು ಎನ್ನುತ್ತಾನೆ. ಅರ್ಚಕನು ಅಡಗಿ ನಿಂತು ನೋಡುತ್ತಾನೆ. ಲಿಂಗದ ಕಣ್ಣಿನಲ್ಲಿ ನೆತ್ತರು ಸುರಿಯುವುದನ್ನೂ, ತಿಣ್ಣನು ತನ್ನ ಕಣ್ಣನ್ನು ಕಿತ್ತು ಇಡುವುದನ್ನೂ, ಇನ್ನೊಂದು ಕಣ್ಣಿನ ಗುರುತಿಗೆ ಕಾಲನ್ನು ಊರುವುದನ್ನೂ, ಶಿವನೇ ತಡೆಯುವುದನ್ನೂ ಕಾಣುತ್ತಾನೆ. ತಿಣ್ಣನ ಭಕ್ತಿಯನ್ನು ಪರೀಕ್ಷಿಸಬೇಕಾದ ಅಗತ್ಯ ಶಿವನಿಗೆ ಇರಲಿಲ್ಲ, ಅವನಿಗೆ ಅದು ಮೊದಲೇ ಗೊತ್ತು. ನಮ್ಮ ಓದಿನಲ್ಲಿ ಆ ರಕ್ತವು ಹರಿದದ್ದು ಮರೆಯಲ್ಲಿ ನಿಂತಿದ್ದ ಅರ್ಚಕನ ಸಲುವಾಗಿ. ಗ್ರಂಥವನ್ನು ಬಲ್ಲವನು ಕಲಿಯಬೇಕಾಗಿತ್ತು. ಗ್ರಂಥ ಬಾರದವನು ಕಲಿಸಿದ.

ಇಲ್ಲಿ ತಿಣ್ಣನು ಬೇಡನಾಗಿಯೇ ಉಳಿದ ಎಂಬುದನ್ನು ಒತ್ತಿ ಹೇಳಬೇಕು. ಅವನಿಗೆ ಜನಿವಾರ ಬರಲಿಲ್ಲ, ಅವನ ಬಿಲ್ಲು ಕಳಚಲಿಲ್ಲ, ಅವನು ಗಣವೂ ಆಗಿರಲಿಲ್ಲ. ಶಿವನು ಅವನನ್ನು ಬಲಗಡೆ ನಿಲ್ಲಿಸಿಕೊಂಡದ್ದು ಬೇಡನಾಗಿಯೇ. ಬದಲಾದದ್ದು ನೋಡುವವನ ಕಣ್ಣು.

ಇದರ ಪಕ್ಕದಲ್ಲಿ ತಿರುನಾಳೈಪ್ಪೋವಾರ್ ಅಥವಾ ನಂದನಾರನ ಕಥೆಯನ್ನು ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಆದನೂರಿನ ಹೊಲಗೇರಿಯಲ್ಲಿ ಹುಟ್ಟಿದ ಅವನು ಗುಡಿಯ ಭೇರಿಗಳಿಗೆ ತೊಗಲನ್ನೂ ವೀಣೆಗೆ ತಂತಿಯನ್ನೂ ಒದಗಿಸುತ್ತಿದ್ದವನು. ಅವನು ಕೊಟ್ಟ ತೊಗಲು ಒಳಗೆ ಹೋಗಬಹುದಿತ್ತು, ಅವನು ಹೋಗುವಂತಿರಲಿಲ್ಲ. ತಿರುಪ್ಪುಂಗೂರಿನಲ್ಲಿ ಅವನು ಹೊರಗೆ ನಿಂತು ಹಂಬಲಿಸಿದಾಗ ಶಿವನು ನಂದಿಯನ್ನು ಪಕ್ಕಕ್ಕೆ ಸರಿಸಿ ದರ್ಶನ ಕೊಟ್ಟ. ಅಷ್ಟರಲ್ಲಿಯೇ ಕಥೆ ನಿಂತಿದ್ದರೆ ಅದಕ್ಕಿಂತ ಚೆಲುವಾದದ್ದು ಬೇರೆ ಇರುತ್ತಿರಲಿಲ್ಲ. ಆದರೆ ಚಿದಂಬರದಲ್ಲಿ ಅವನು ಬೆಂಕಿಯನ್ನು ಹೊಕ್ಕು, ಜನಿವಾರ ಧರಿಸಿದ ಮುನಿಯ ರೂಪದಲ್ಲಿ ಎದ್ದುಬಂದ ಮೇಲೆಯೇ ಒಳಗೆ ಹೋಗುತ್ತಾನೆ. ಬಾಗಿಲು ತೆರೆಯಿತು, ನಿಜ. ತೆರೆದದ್ದು ಮಾತ್ರ ಇನ್ನೊಂದು ಮೈಗೆ. ಅವನ ಹಂಬಲ ಕಣ್ಣಪ್ಪನದಕ್ಕಿಂತ ಕಡಿಮೆಯದಲ್ಲ. ಕಡಿಮೆಯಾದದ್ದು ಕಾಳಹಸ್ತಿಯ ಅರ್ಚಕನಿಗೆ ಬಿದ್ದಂತಹ ಕನಸು. ತಿಲ್ಲೈಯ ಅರ್ಚಕರ ಕನಸಿನಲ್ಲಿಯೂ ಶಿವನು ಬಂದ; ಆದರೆ ಅವರಿಗೆ ಸಿಕ್ಕ ಅಪ್ಪಣೆ ಬೆಂಕಿಯನ್ನು ಹೊತ್ತಿಸುವುದು, ನೋಡುವುದಲ್ಲ. ಈ ಕಥೆಯನ್ನು 19ನೆಯ ಶತಮಾನದಲ್ಲಿ ಗೋಪಾಲಕೃಷ್ಣ ಭಾರತಿ ಕೀರ್ತನೆಗಳಾಗಿ ಹಾಡಿ ಮನೆಮನೆಗೆ ಮುಟ್ಟಿಸಿದ, ಕೇಳಿದವರು ಕಣ್ಣೀರಿಟ್ಟರು. ಆದರೂ ಮದುರೆಯ ಮೀನಾಕ್ಷಿ ಗುಡಿಯೊಳಗೆ ನಂದನಾರನ ಬಂಧುಗಳು ಕಾಲಿಡಲು 1939ರವರೆಗೆ ಕಾಯಬೇಕಾಯಿತು. ಮದ್ರಾಸ್ ಪ್ರಾಂತದ ಎಲ್ಲ ಗುಡಿಗಳಿಗೂ ಅನ್ವಯವಾಗುವ ದೇವಾಲಯ ಪ್ರವೇಶದ ಕಾನೂನು ಬಂದದ್ದು 1947ರಲ್ಲಿ. ಪುರಾಣಕ್ಕಾಗಿ ಸುರಿದ ಕಣ್ಣೀರು ತಾನಾಗಿ ಬಾಗಿಲಿನ ಅಗುಳಿಯನ್ನು ತೆಗೆಯುವುದಿಲ್ಲ.

ಈ ಮೂರು ಕಥೆಗಳನ್ನು ಒಟ್ಟಿಗೆ ನೋಡಿದಾಗ ನಮಗೆ ತೋರುವುದಿಷ್ಟು. ಪೂಂಡಿಯಲ್ಲಿ ಹೀನನೆನಿಸಿದವನು ನಿಜವಾಗಿ ಬೇರೆಯವನೆಂದು ತಿಳಿಯುತ್ತದೆ. ಚಿದಂಬರದಲ್ಲಿ ಹೀನನೆನಿಸಿದವನು ಬೇರೆಯವನಾಗಬೇಕಾಗುತ್ತದೆ. ಕಾಳಹಸ್ತಿಯಲ್ಲಿ ಅವನು ಇದ್ದಂತೆಯೇ ಇರುತ್ತಾನೆ, ಹೀನನೆಂದು ಬಗೆದವನು ಬೇರೆಯವನಾಗುತ್ತಾನೆ. ಭಕ್ತಿ ಮೂರರಲ್ಲಿಯೂ ಇದೆ. ಪೂರ್ವಗ್ರಹ ಬೇರುಸಹಿತ ಕಿತ್ತುಬರುವುದು ಮೂರನೆಯದರಲ್ಲಿ ಮಾತ್ರ.

ಇದೇ ಮಾತನ್ನು ದೂರದ ಇನ್ನೊಂದು ಧರ್ಮಗ್ರಂಥವೂ ಹೇಳುತ್ತದೆ. ಬೈಬಲಿನ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದಲ್ಲಿ ಮೋವಾಬ್ಯರು ಹತ್ತನೆಯ ತಲೆಮಾರಿನವರೆಗೂ ದೇವರ ಸಭೆಗೆ ಸೇರಬಾರದೆಂಬ ವಿಧಿಯಿದೆ. ಅದೇ ಗ್ರಂಥದಲ್ಲಿ ರೂತಳೆಂಬ ಮೋವಾಬ್ ಹೆಣ್ಣಿನ ಕಥೆಯೂ ಇದೆ. ಗಂಡನನ್ನು ಕಳೆದುಕೊಂಡ ಮೇಲೆಯೂ ಅವಳು ಮುದಿ ಅತ್ತೆ ನೊವೊಮಿಯ ಕೈಬಿಡದೆ ಬೆತ್ಲೆಹೇಮಿಗೆ ಬಂದಳು, ಹೊಲದಲ್ಲಿ ಹಕ್ಕಲು ಆಯ್ದು ಅತ್ತೆಯನ್ನು ಸಾಕಿದಳು, ಬೋವಜನ ಕೈಹಿಡಿದಳು, ದಾವೀದ ಅರಸನ ಮುತ್ತಜ್ಜಿಯಾದಳು. ಕಥೆಗಾರನು ಅವಳನ್ನು ಕೊನೆಯವರೆಗೂ ಮೋವಾಬ್ಯಳೆಂದೇ ಕರೆಯುತ್ತಾನೆ ಎಂಬುದು ಗಮನಾರ್ಹ. ಅವಳ ಹುಟ್ಟನ್ನು ಮರೆಸಲಿಲ್ಲ. ಊರಿನವರೇ ತಮ್ಮ ಮನಸ್ಸನ್ನು ಅಗಲ ಮಾಡಿಕೊಂಡರು. ಕಣ್ಣಪ್ಪನೂ ರೂತಳೂ ಒಂದೇ ಕುಲದವರು.

ಈಗ ಸುಂದರನಿಗೆ ಹಿಂದಿರುಗೋಣ, ಏಕೆಂದರೆ ಅವನಿಗೆ ನಾವು ಅನ್ಯಾಯ ಮಾಡಬಾರದು. ವಡುಗ ಬೇಡರನ್ನು ದೂರಿದ ಅದೇ ನಾಲಗೆ ತಿರುತ್ತೊಂಡತ್ತೊಗೈ ಎಂಬ ಇನ್ನೊಂದು ಹಾಡನ್ನೂ ಹಾಡಿದೆ. ಅರುವತ್ತುಮೂವರ ಪರಂಪರೆಗೆ ಮೂಲವೇ ಆ ಹಾಡು. ಸೇಕ್ಕಿಳಾರನ ಮಹಾಕಾವ್ಯ ಬೆಳೆದದ್ದು ಅದರಿಂದ. ಅದರಲ್ಲಿ ಆದಿಶೈವ ಬ್ರಾಹ್ಮಣನಾದ ಸುಂದರನು ಶಿವಭಕ್ತರನ್ನು ಒಬ್ಬೊಬ್ಬರಾಗಿ ಹೆಸರಿಸಿ, ನಾನು ಇವರ ಅಡಿಯಾಳೆಂದು ಹೇಳಿಕೊಳ್ಳುತ್ತಾನೆ. ಆ ಪಟ್ಟಿಯಲ್ಲಿ ಬೇಡ ಕಣ್ಣಪ್ಪನಿದ್ದಾನೆ, ಹೊಲಗೇರಿಯ ತಿರುನಾಳೈಪ್ಪೋವಾರನೂ ಇದ್ದಾನೆ. ಪೂಂಡಿಯ ದಾರಿಯಲ್ಲಿ ಕಳೆದುಕೊಂಡ ಹೊನ್ನಿನ ಸಿಟ್ಟಿನಲ್ಲಿ ಸುಂದರನಿಗೆ ಬೇಡರ ಗುಂಪು ಕಂಡಿತು. ಭಕ್ತರನ್ನು ನೆನೆದು ಹಾಡುವಾಗ ಬೇಡನೊಬ್ಬನು ಕಂಡ. ಗುಂಪನ್ನು ಕಂಡಾಗ ಹುಟ್ಟಿದ್ದು ದೂರು, ಒಬ್ಬನನ್ನು ಕಂಡಾಗ ಹುಟ್ಟಿದ್ದು ಅಡಿಯಾಳುತನ. ನಮ್ಮೆಲ್ಲರ ಅನುಭವವೂ ಹೀಗೆಯೇ ಅಲ್ಲವೆ? ಒಂದು ಜನಾಂಗದ ಬಗ್ಗೆ ಕಟುವಾಗಿ ಮಾತನಾಡುವವರೂ ಆ ಜನಾಂಗದ ತಮ್ಮ ಪಕ್ಕದ ಮನೆಯವರ ಬಗ್ಗೆ, ಅವರು ಹಾಗಲ್ಲ ಎಂದು ಹೇಳುವುದನ್ನು ನಾವು ಕೇಳಿಯೇ ಇದ್ದೇವೆ.

ಇನ್ನು ಈ ಹಾಡಿಗೆ ಕನ್ನಡವು ಕೊಟ್ಟ ಉತ್ತರವನ್ನು ನೋಡೋಣ. ಉತ್ತರವೆಂದು ಅದನ್ನು ಯಾರೂ ಬರೆದಿರಲಾರರು. ಆದರೆ ಚರಿತ್ರೆಯಲ್ಲಿ ಅದು ಉತ್ತರದಂತೆಯೇ ನಿಂತಿದೆ. ಸುಮಾರು 1200ರ ಹೊತ್ತಿಗೆ ಹಂಪೆಯ ಹರಿಹರನು ತನ್ನ ರಗಳೆಗಳನ್ನು ಬರೆದ. ಹೊಯ್ಸಳರ ದೋರಸಮುದ್ರದಲ್ಲಿ ಕರಣಿಕನಾಗಿದ್ದು, ಆ ಕೆಲಸವನ್ನು ಬಿಟ್ಟು ವಿರೂಪಾಕ್ಷನ ಸನ್ನಿಧಿಗೆ ಬಂದವನೆಂದು ಪರಂಪರೆ ಅವನ ಬಗ್ಗೆ ಹೇಳುತ್ತದೆ. ಕೊಂಗನ್ನು ಗೆದ್ದ ಅರಸುಮನೆತನದ ಲೆಕ್ಕವನ್ನು ಬರೆಯುತ್ತಿದ್ದ ಕೈ ತಮಿಳು ಭಕ್ತರ ಚರಿತೆಯನ್ನು ಬರೆಯಿತು. ಕಣ್ಣಪ್ಪ, ತಿರುನಾಳಪೋವರು, ಕಾರಿಕಾಲಮ್ಮೆ ಮುಂತಾದವರು ಕನ್ನಡದ ಲಯದಲ್ಲಿ ಮರುಹುಟ್ಟು ಪಡೆದರು. ಅವನ ರಗಳೆಗಳಲ್ಲಿ ಬಸವರಾಜದೇವರ ರಗಳೆಯೊಡನೆ ಹೆಗಲೆಣೆಯಾಗಿ ನಿಲ್ಲುವ ನಂಬಿಯಣ್ಣನ ರಗಳೆಯ ನಾಯಕನು ನಮ್ಮ ಸುಂದರನೇ. ಪದ್ಯ ಗದ್ಯಗಳು ಸಾಲಾಗಿ ಬರುವ ಆ ಕೃತಿಯಲ್ಲಿ ಅವನ ಒಲವು, ಹಟ, ಶಿವನೊಡನೆ ಅವನ ಸಲಿಗೆ ಎಲ್ಲವೂ ಕನ್ನಡದ ಮನೆಯಂಗಳದಲ್ಲಿ ನಡೆದಂತೆ ಚಿತ್ರಿತವಾಗಿವೆ. ವಡುಗರನ್ನು ಬೈದ ಕವಿಯನ್ನು ಬಡಗಣ ಕವಿಯೊಬ್ಬನು ಅಣ್ಣನೆಂದು ಕರೆದ. ತಮಿಳಿನ 'ನಂಬಿ'ಗೆ ಕನ್ನಡದ 'ಅಣ್ಣ' ಸೇರಿ ಆದ ಹೆಸರು ನಂಬಿಯಣ್ಣ. ಒಂದೇ ಹೆಸರಿನೊಳಗೆ ಎರಡು ನುಡಿಗಳು ಕೈಹಿಡಿದಿವೆ.

ಹರಿಹರನಿಗೂ ಮೊದಲೇ ಕಲ್ಯಾಣದ ಶರಣರು ಈ ಪುರಾತನರನ್ನು ತಮ್ಮ ಹಿರಿಯರೆಂದು ನೆನೆದಿದ್ದರು. ಬಸವಣ್ಣನಂತೂ ಮಾದಾರ ಚೆನ್ನಯ್ಯನ ಮನೆಯ ಮಗನೆಂದು ತನ್ನನ್ನು ಕರೆದುಕೊಂಡು, ನಂದನಾರನ ಕಥೆ ಬಿಟ್ಟ ಕೊರತೆಯನ್ನು ತುಂಬಿದ. ನಂದನಾರನಿಗೆ ಬ್ರಾಹ್ಮಣನ ಮೈ ಬೇಕಾಯಿತು. ಬಸವಣ್ಣನು ಜನಿವಾರವನ್ನು ಬಿಟ್ಟು ಚೆನ್ನಯ್ಯನ ಕುಲವನ್ನು ಬಯಸಿದ. ಬೆಂಕಿಯನ್ನು ಹೊಕ್ಕು ಬರಬೇಕಾದವರು ಯಾರೆಂಬ ಪ್ರಶ್ನೆಗೆ ಕನ್ನಡ ಕೊಟ್ಟ ಉತ್ತರ ಇದು. ಅದರಲ್ಲಿ ಕಾಳಹಸ್ತಿಯ ಪಾಠವಿದೆ.

ಇಷ್ಟನ್ನು ಬರೆದು ಮುಗಿಸಿದರೆ ನಮ್ಮನ್ನು ನಾವೇ ಹೊಗಳಿಕೊಂಡಂತಾಗುತ್ತದೆ. ವಿಮರ್ಶೆಯ ಕನ್ನಡಿ ನಮ್ಮ ಕಡೆಗೂ ತಿರುಗಬೇಕು. ತಮಿಳಿನಲ್ಲಿ ವಡುಗ ಎಂಬ ಮಾತಿದ್ದರೆ ಕನ್ನಡದಲ್ಲಿ ಕೊಂಗ ಎಂಬ ಮಾತಿದೆ. ಬೆಂಗಳೂರು ಮೈಸೂರುಗಳಲ್ಲಿ ತಮಿಳರನ್ನು ಹೀಗಳೆಯಲು ಬಳಸುವ ಆ ಪದವನ್ನು ನಾವೆಲ್ಲರೂ ಕೇಳಿದ್ದೇವೆ. ಅದು ಹುಟ್ಟಿದ್ದು ಯಾವ ನಾಡಿನ ಹೆಸರಿನಿಂದ? ನಾವು ಉಸಿರಾಡುವ ಈ ಕೊಂಗುನಾಡಿನಿಂದ. ನೊಯ್ಯಲಿನ ನೀರು ಕುಡಿದು, ಇಲ್ಲಿನ ಮಣ್ಣಿನಲ್ಲಿ ಮನೆ ಕಟ್ಟಿ, ಇಲ್ಲಿನವರೊಡನೆ ಪೊಂಗಲ್ ಹಬ್ಬವನ್ನು ಹಂಚಿಕೊಳ್ಳುವ ನಾವು ಹುಟ್ಟಿನಿಂದ ವಡುಗರಾದರೂ ನೆಲದಿಂದ ಕೊಂಗರೇ. ಮೈಸೂರು ಕಡೆಯ ಮದುವೆಮನೆಗಳಿಗೆ ಹೋದಾಗ ನಮ್ಮ ಮಕ್ಕಳ ಕನ್ನಡವನ್ನು ಕೇಳಿ ಬಂಧುಗಳು, ಕೊಂಗರ ಮಕ್ಕಳು ಬಂದರು ಎಂದು ನಕ್ಕದ್ದುಂಟು. ಇಲ್ಲಿಗೆ ಹಿಂದಿರುಗಿದರೆ, ನಿಮ್ಮದು ಯಾವ ಊರು, ಎಂದು ಬಂದಿರಿ ಎಂಬ ಪ್ರಶ್ನೆ ಕಾದಿರುತ್ತದೆ. ನಮ್ಮ ಮುತ್ತಜ್ಜಂದಿರು ಹುಟ್ಟಿದ್ದು ಇಲ್ಲಿಯೇ ಎಂಬ ಉತ್ತರ ಕೇಳುವವರಿಗೆ ಸಾಲದು. ಎರಡು ಬೈಗುಳಗಳ ನಡುವೆ ಬದುಕಿದವರು ನಾವು. ಆದ್ದರಿಂದಲೇ ಎರಡನ್ನೂ ಬಾಯಿಂದ ಬಿಡುವ ಹೊಣೆ ಬೇರೆಯವರಿಗಿಂತ ನಮ್ಮ ಮೇಲೆ ಹೆಚ್ಚಾಗಿದೆ. ಗಡಿಯ ಆಚೆ ಈಚೆ ನೀರಿನ ಜಗಳವೋ ನುಡಿಯ ಜಗಳವೋ ಎದ್ದ ದಿನಗಳಲ್ಲಿ, ಅಂಗಡಿಯ ಬಾಗಿಲು ಹಾಕಿ ಮನೆಯೊಳಗೆ ಕುಳಿತು ನಾವು ಆಡುವ ಮಾತುಗಳನ್ನು ನಮ್ಮ ಮಕ್ಕಳು ಕೇಳುತ್ತಿರುತ್ತಾರೆ. ಅವರಿಗೆ ಪಿತ್ರಾರ್ಜಿತವಾಗಿ ಹೋಗುವುದು ಮನೆ ಹೊಲಗಳಷ್ಟೇ ಅಲ್ಲ.

ಪವಿತ್ರ ಗ್ರಂಥದ ಕಹಿಯನ್ನು ಹೇಗೆ ಓದಬೇಕೆಂಬ ನಮ್ಮ ಮೊದಲ ಪ್ರಶ್ನೆಗೆ ಈಗ ಇಷ್ಟನ್ನು ಹೇಳಬಹುದು. ಆ ಸಾಲನ್ನು ಮುಚ್ಚಿಡಬಾರದು. ಮುಚ್ಚಿಟ್ಟರೆ ಅದು ಒಳಗೇ ಕೊಳೆಯುತ್ತದೆ. ಅದನ್ನು ಹಿಡಿದು ಗ್ರಂಥವನ್ನೇ ಎಸೆಯಲೂಬಾರದು; ಎಸೆದರೆ ಕಣ್ಣಪ್ಪನನ್ನೂ ಎಸೆದಂತೆ. ಪೂಂಡಿಯ ಹಾಡನ್ನು ತಿರುತ್ತೊಂಡತ್ತೊಗೈಯ ಜೊತೆಗೆ, ಸೇಕ್ಕಿಳಾರನನ್ನು ಹರಿಹರನ ಜೊತೆಗೆ ಇಟ್ಟು ಓದಬೇಕು. ಪರಂಪರೆಯ ಒಂದು ಮಾತಿಗೆ ಪರಂಪರೆಯದೇ ಇನ್ನೊಂದು ಮಾತು ಮದ್ದಾಗುತ್ತದೆ. ಎರಡು ಭಾಷೆ ಬಲ್ಲ ನಮಗೆ ಈ ಓದು ಸುಲಭ. ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳನ್ನು ಕಲಿಯುತ್ತಾರೆ, ಮನೆಯಲ್ಲಿ ಕನ್ನಡವನ್ನು ಆಡುತ್ತಾರೆ. ನಂಬಿಯಣ್ಣನ ರಗಳೆಯ ಕೆಲವು ಪುಟಗಳನ್ನು ಹಿರಿಯರು ಓದಿ, ಅದೇ ಪ್ರಸಂಗದ ತಮಿಳು ಪದ್ಯಗಳನ್ನು ಮಕ್ಕಳು ಓದಿದರೆ, ಒಂದು ಸಂಜೆಯಲ್ಲಿ ಎರಡು ತಲೆಮಾರೂ ಎರಡು ನುಡಿಯೂ ಒಂದೇ ಚಾಪೆಯ ಮೇಲೆ ಕೂಡುತ್ತವೆ. ಸಂಘದ ಮುಂದಿನ ಕಾರ್ಯಕ್ರಮಗಳಲ್ಲಿ ಇದಕ್ಕೊಂದು ಎಡೆ ಸಿಗಲೆಂದು ನಾವು ಆಶಿಸುತ್ತೇವೆ.

ಕೊಯಮತ್ತೂರಿನಿಂದ ಸತ್ಯಮಂಗಲದ ಮೂಲಕ ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿ ಹೋದರೆ ಚಾಮರಾಜನಗರ. ಅಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ ಚಾಮರಾಜೇಶ್ವರನ ಗುಡಿಯಲ್ಲಿ ಅರುವತ್ತುಮೂವರು ಪುರಾತನರ ಮೂರ್ತಿಗಳಿವೆ. ಮುಂದೆ ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯಲ್ಲಿಯೂ ಅವರ ಸಾಲಿದೆ. ತವರಿನ ಕಡೆಗೆ ಹೋಗುವಾಗ ನಮ್ಮವರು ಆ ಗುಡಿಗಳಲ್ಲಿ ಕೈಮುಗಿಯುವುದು ವಾಡಿಕೆ. ಇನ್ನೊಮ್ಮೆ ಹೋದಾಗ ಆ ಸಾಲಿನ ಮುಂದೆ ತುಸು ಹೊತ್ತು ನಿಲ್ಲಿರಿ. ವಡುಗರು ತನ್ನನ್ನು ದೋಚಿದರೆಂದು ಪೂಂಡಿಯಲ್ಲಿ ದೂರಿದ ನಂಬಿಯಣ್ಣನು ಆ ವಡುಗರ ನಾಡಿನ ಗುಡಿಯಲ್ಲಿ ಬೇಡ ಕಣ್ಣಪ್ಪನೊಡನೆ ನಿಂತು, ದಿನವೂ ಕನ್ನಡಿಗರ ಕೈಯಿಂದ ಹೂವನ್ನು ಪಡೆಯುತ್ತಿದ್ದಾನೆ.